ಬಿಸಿಯಾದ ಮೇಲೆ ನಿಂತುಹೋಗುವ ಎಂಜಿಬಿ: ಕರೆಂಟಾ, ಪೆಟ್ರೋಲಾ?

ಗಾಡಿ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಏನೂ ತೊಂದರೆ ಇಲ್ಲದೆ ಓಡುತ್ತದೆ. ಆಮೇಲೆ ಎಲ್ಲೋ ನಡುದಾರಿಯಲ್ಲಿ ಮಿಸ್ ಹೊಡೆದು ನಿಂತುಬಿಡುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವಂತೆ ಹೊರಡುತ್ತದೆ. ಮನೆಗೆ ತಂದು ಬಾನೆಟ್ ಎತ್ತಿದರೆ ಎಲ್ಲ ಸರಿ ಇದೆ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಬೇಸತ್ತು ಮಾರುವುದಕ್ಕೆ ಈ ಒಂದು ಕಾಯಿಲೆ ಸಾಕು.

ಇಲ್ಲಿ ಬರೆಯುತ್ತಿರುವುದು ಎಂಜಿ ಕಂಪನಿಯ ಎಂಜಿಬಿ ಬಗ್ಗೆ. ಬ್ರಿಟನ್ನಿನಲ್ಲಿ ಇರುವ ನಮ್ಮವರು ಹಳೆಯ ಸ್ಪೋರ್ಟ್ಸ್ ಕಾರು ಬೇಕು, ದುಬಾರಿ ಆಗಬಾರದು, ಸಾಮಾನು ಸಿಗಬೇಕು ಅಂತ ಕೇಳಿದಾಗ ನಾನು ಮೊದಲು ಹೇಳುವ ಹೆಸರು ಅದು. 1962ರಿಂದ 1980ರವರೆಗೆ ಅಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು, ಹಾಗಾಗಿ ಇವತ್ತಿಗೂ ಬೋಲ್ಟಿನಿಂದ ಹಿಡಿದು ಇಡೀ ಬಾಡಿವರೆಗೆ ಹೊಸದಾಗಿ ಸಿಗುತ್ತದೆ. ಎಂಜಿನ್ 1798 ಸಿಸಿಯ ಬಿ-ಸೀರೀಸ್. ನಮ್ಮ ಅಂಬಾಸಡರ್‌ನಲ್ಲಿ ಎಷ್ಟೋ ವರ್ಷ ಓಡಿದ 1489 ಸಿಸಿ ಎಂಜಿನ್ನೂ ಇದೇ ಮನೆತನದ್ದು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಅಂಬಾಸಡರ್ ರಿಪೇರಿ ಮಾಡಿದ ಹಳೆಯ ಮೇಸ್ತ್ರಿಯನ್ನು ಎಂಜಿಬಿ ಮುಂದೆ ನಿಲ್ಲಿಸಿದರೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಮುಖ್ಯ ವಿಷಯ ಇಷ್ಟು. ಈ ದೋಷ ಕಣ್ಣಿಗೆ ಬೀಳುವುದು ಗಾಡಿ ನಿಂತ ಆ ಹತ್ತು ಹದಿನೈದು ನಿಮಿಷ ಮಾತ್ರ. ತಣ್ಣಗಾದ ಮೇಲೆ ಅದು ಇರುವುದೇ ಇಲ್ಲ. ಆದರೆ ಹೆಚ್ಚಿನವರು ಆ ಹೊತ್ತಿನಲ್ಲಿ ಸುಮ್ನೆ ಕಾಯುತ್ತಾರೆ, ಮನೆಗೆ ಹೋದ ಮೇಲೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟು ಹುಟ್ಟಿಸುವುದು) ಹಾಕು, ಪಂಪ್ ಹಾಕು, ಪ್ಲಗ್ ಹಾಕು ಅಂತ ಒಂದೊಂದೇ ಬದಲಾಯಿಸುತ್ತಾರೆ. ದುಡ್ಡು ಹೋಗುತ್ತದೆ, ದೋಷ ಹೋಗುವುದಿಲ್ಲ. ಇನ್ನೂ ಕೆಟ್ಟದ್ದು ಅಂದರೆ ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಸಿಲಿಂಡರುಗಳಿಗೆ ಹಂಚುವ ಡಬ್ಬಿ) ಒಳಗೆ ಹಾಕಲು ಈಗ ಮಾರುಕಟ್ಟೆಯಲ್ಲಿರುವ ಕೆಲವು ಹೊಸ ಕಂಡೆನ್ಸರ್, ರೋಟರ್ ಆರ್ಮ್‌ಗಳ ಗುಣಮಟ್ಟ ಹಳೆಯದಕ್ಕಿಂತ ಕಳಪೆ. ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಹಾಕಿದರೆ ಒಂದಿದ್ದ ದೋಷ ಎರಡಾಗುತ್ತದೆ. ಹಾಗಾಗಿ ಗಾಡಿ ನಿಂತ ಜಾಗದಲ್ಲೇ, ನಿಂತ ಹೊತ್ತಿನಲ್ಲೇ ಒಂದು ಪ್ರಶ್ನೆಗೆ ಉತ್ತರ ತೆಗೆಯಬೇಕು: ನಿಂತಿರುವುದು ಕರೆಂಟಾ, ಪೆಟ್ರೋಲಾ?

ಅದಕ್ಕೆ ಡಿಕ್ಕಿಯಲ್ಲಿ ಇಷ್ಟು ಇರಲಿ. 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಒಂದು ಹಳೆಯ ಒಳ್ಳೆಯ ಸ್ಪಾರ್ಕ್ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ಉದ್ದದ ತಂತಿ, ಗ್ಯಾರಂಟಿ ಕೆಲಸ ಮಾಡುತ್ತದೆ ಅಂತ ಗೊತ್ತಿರುವ ಒಂದು ಕಂಡೆನ್ಸರ್ ಮತ್ತು ರೋಟರ್ ಆರ್ಮ್, ಮುಚ್ಚಳ ಇರುವ ಒಂದು ಗಾಜಿನ ಬಾಟಲಿ, ಬೆಂಕಿ ಆರಿಸುವ ಸಿಲಿಂಡರ್. ಮೋಟರ್‌ವೇಯಲ್ಲಿ ನಿಂತರೆ ಈ ಯಾವ ಪರೀಕ್ಷೆಯೂ ಬೇಡ. ಎಡಬದಿಯಿಂದ ಇಳಿದು ಬೇಲಿಯ ಆಚೆ ಹೋಗಿ ಬ್ರೇಕ್‌ಡೌನಿನವರಿಗೆ ಫೋನ್ ಮಾಡಿ. ದೋಷ ಇನ್ನೊಂದು ದಿನ ಸಿಗುತ್ತದೆ.

ಮೊದಲ ಸುಳಿವು ಮುಳ್ಳಿನಲ್ಲಿದೆ

ಗಾಡಿ ಸಾಯುವ ಆ ಕ್ಷಣದಲ್ಲಿ ಕ್ಲಚ್ ಒತ್ತಬೇಡಿ. ಗೇರಿನಲ್ಲೇ ಉರುಳಲು ಬಿಟ್ಟು, ರಸ್ತೆ ಮೇಲೆ ಗಮನ ಇಟ್ಟುಕೊಂಡೇ ಆರ್‌ಪಿಎಂ ಮುಳ್ಳಿನ ಕಡೆ ಒಂದು ಸಲ ಕಣ್ಣು ಹಾಯಿಸಿ. ತೀರಾ ಮೊದಲ ಗಾಡಿಗಳನ್ನು ಬಿಟ್ಟರೆ ಎಂಜಿಬಿಯ ಈ ಮೀಟರು ಓಡುವುದು ಕಾಯಿಲಿನ ಕಡೆಯ ಕರೆಂಟಿನ ಮಿಡಿತದಿಂದ. ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಮುಳ್ಳು ಪಟ್ಟನೆ ಸೊನ್ನೆಗೆ ಬಿತ್ತು ಅಂದರೆ ಕಾಯಿಲಿಗೆ ಕರೆಂಟು ಹೋಗುತ್ತಿಲ್ಲ, ಇಲ್ಲವೇ ಪಾಯಿಂಟು (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್ಚು) ಅದನ್ನು ಕಡಿದು ಜೋಡಿಸುತ್ತಿಲ್ಲ. ಮುಳ್ಳು ಎಂಜಿನ್ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಆ ಭಾಗ ಸರಿ ಇದೆ. ಆಗ ಅನುಮಾನ ಪೆಟ್ರೋಲಿನ ಮೇಲೆ, ಇಲ್ಲವೇ ರೋಟರ್ ಆರ್ಮ್, ಕ್ಯಾಪ್, ದಪ್ಪ ವೈರುಗಳ ಮೇಲೆ.

ಸಾಯುವ ರೀತಿಯನ್ನೂ ಗಮನಿಸಿ. ಕರೆಂಟು ಹೋದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಒಮ್ಮೆಲೇ ಸಾಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ಮೊದಲು ಏದುಸಿರು ಬಿಡುತ್ತದೆ, ಏರಿನಲ್ಲಿ ಜಾಸ್ತಿ, ಇಳಿಜಾರಿನಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆಗ ಚೋಕ್ ಅರ್ಧ ಎಳೆದು ನೋಡಿ. ಈ ಗಾಡಿಯ ಎಸ್‌ಯು ಕಂಪನಿಯ ಕಾರ್ಬುರೇಟರಿನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಚೋಕಿಗೆ ಗಾಡಿ ಸ್ವಲ್ಪವಾದರೂ ಎದ್ದರೆ ನಿಮ್ಮ ಕೊರತೆ ಪೆಟ್ರೋಲಿನದ್ದು.

ನನ್ನ ಗೆಳೆಯನೊಬ್ಬನ 1971ರ ಜಿಟಿ (ಎಂಜಿಬಿಯ ಗಟ್ಟಿ ಮೇಲ್ಛಾವಣಿಯ ಮಾದರಿ) ಬ್ರಾಡ್‌ವೇ ಊರಿನ ಪಕ್ಕ ಎ44 ರಸ್ತೆಯ ಫಿಶ್ ಹಿಲ್ ಏರುವಾಗ ಹೀಗೆ ಸಾಯುತ್ತಿತ್ತು. ಏರು, ಬಿಸಿಲು, ಬಿಸಿ ಎಂಜಿನ್. ಒಂದು ಗ್ಯಾರೇಜಿನವರು ಪೆಟ್ರೋಲ್ ಆವಿಯಾಗುತ್ತಿದೆ ಅಂತ ಹೇಳಿ ಪಂಪನ್ನೇ ಬದಲಾಯಿಸಿದ್ದರು. ಮುಂದಿನ ಸಲ ನಾನು ಪಕ್ಕದಲ್ಲಿ ಕೂತಿದ್ದೆ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದಿತ್ತು. ಪಂಪಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಳಗೆ ಪಾಯಿಂಟಿಗೆ ಹೋಗುವ ಸಣ್ಣ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಅದು ರಬ್ಬರಿನ ಹಾಗೆ ಹಿಗ್ಗಿತು. ಹೊರಗಿನ ಹೊದಿಕೆ ಸರಿ ಇತ್ತು, ಒಳಗಿನ ತಾಮ್ರ ತುಂಡಾಗಿತ್ತು. ಎಂಜಿನ್ನಿನ ವ್ಯಾಕ್ಯೂಮಿಗೆ ಪಾಯಿಂಟು ಕೂತಿರುವ ತಟ್ಟೆ ಹಿಂದೆ ಮುಂದೆ ಸರಿದಾಗಲೆಲ್ಲ ಆ ತಂತಿ ಬಾಗುತ್ತದೆ, ವರ್ಷಗಟ್ಟಲೆ ಬಾಗಿ ಬಾಗಿ ಒಳಗೆ ಮುರಿಯುತ್ತದೆ, ತುದಿಗಳು ತಾಗಿಕೊಂಡಿರುವಷ್ಟು ಹೊತ್ತು ಗಾಡಿ ಓಡುತ್ತದೆ, ಬಿಸಿಗೆ ಅಥವಾ ಅಲುಗಾಟಕ್ಕೆ ದೂರವಾದರೆ ಸಾಯುತ್ತದೆ. ಆ ತಂತಿ ಕೆಲವೇ ಪೌಂಡಿನದ್ದು.

ಕರೆಂಟಿನ ಕಡೆ

ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಪೆಟ್ರೋಲ್ ಪೈಪನ್ನು ಇನ್ನೂ ಮುಟ್ಟಬೇಡಿ. ಕಿಡಿಯ ಪರೀಕ್ಷೆ ಯಾವಾಗಲೂ ಮೊದಲು, ಪೆಟ್ರೋಲ್ ಹೊರಗೆ ಬಂದ ಮೇಲೆ ಕಿಡಿ ಹಾರಿಸುವ ಹಾಗಿಲ್ಲ.

ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು ಅದರ ತುದಿಗೆ ಹಳೆಯ ಪ್ಲಗ್ ಸಿಕ್ಕಿಸಿ. ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ, ಕಾರ್ಬುರೇಟರಿಂದ ದೂರ ಇರಲಿ, ಕೈಯಲ್ಲಿ ಹಿಡಿಯಬೇಡಿ. ಯಾರಾದರೂ ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ ದಪ್ಪ ಕಿಡಿ ಟಕ್ ಟಕ್ ಅಂತ ಬಂದರೆ ಕಾಯಿಲ್, ಪಾಯಿಂಟು, ಕಂಡೆನ್ಸರ್ ಎಲ್ಲ ಪಾಸ್. ಈಗ ಆ ವೈರನ್ನು ವಾಪಸ್ ಹಾಕಿ, ಒಂದು ಸಿಲಿಂಡರಿನ ವೈರಿಗೆ ಪ್ಲಗ್ ಸಿಕ್ಕಿಸಿ ಮತ್ತೆ ನೋಡಿ. ಇಲ್ಲಿ ಕಿಡಿ ಇಲ್ಲ ಅಂದರೆ ನಡುವೆ ಇರುವುದು ಕ್ಯಾಪ್ ಮತ್ತು ರೋಟರ್ ಆರ್ಮ್ ಎರಡೇ. ರಿವೆಟ್ ಇರುವ ಕಳಪೆ ರೋಟರ್ ಆರ್ಮ್‌ಗಳಲ್ಲಿ ಕರೆಂಟು ಪ್ಲಗ್ಗಿಗೆ ಹೋಗದೆ ರಿವೆಟ್ ಮೂಲಕ ಕೆಳಗಿನ ಶಾಫ್ಟಿಗೆ ಹಾರಿಬಿಡುತ್ತದೆ. ಅದನ್ನು ಹಿಡಿಯುವುದು ಸುಲಭ. ಕ್ಯಾಪ್ ತೆಗೆದು, ನಡುವಿನ ದಪ್ಪ ವೈರಿನ ತುದಿಯನ್ನು ಇನ್ಸುಲೇಟ್ ಆಗಿರುವ ಇಕ್ಕಳದಲ್ಲಿ ಹಿಡಿದು ರೋಟರಿನ ಹಿತ್ತಾಳೆಗೆ 3 ಮಿಲಿಮೀಟರ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ರೋಟರ್ ಸರಿ ಇದ್ದರೆ ಕಿಡಿಗೆ ಹೋಗಲು ದಾರಿ ಇಲ್ಲ. ಕಿಡಿ ಹಾರಿತು ಅಂದರೆ ರೋಟರ್ ಸೋರುತ್ತಿದೆ. ರಿವೆಟ್ ಇಲ್ಲದ, ಒಳ್ಳೆಯ ತಯಾರಿಕೆಯ ರೋಟರ್ ಹಾಕಿ, ಮುಗಿಯಿತು.

ಕಾಯಿಲಿನಿಂದಲೇ ಕಿಡಿ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತೆಗೆಯಿರಿ. ಕಾಯಿಲಿನ ಪ್ಲಸ್ ಮೈನಸ್ ಗುರುತು ನಂಬಿಕೊಂಡು ಹೋಗಬೇಡಿ, 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಜೋಡಿಸಿದ್ದು), ಆಮೇಲೆ ಬಂದವು ನೆಗೆಟಿವ್ ಅರ್ತ್, ಹಳೆಯವನ್ನು ಎಷ್ಟೋ ಜನ ನಡುವೆ ಬದಲಾಯಿಸಿಕೊಂಡಿದ್ದಾರೆ. ತಂತಿಯ ಬಣ್ಣ ನೋಡಿ. ಬಿಳಿ ತಂತಿ ಕೀ ಕಡೆಯಿಂದ ಕರೆಂಟು ತರುತ್ತದೆ. ಬಿಳಿ ಮೇಲೆ ಕಪ್ಪು ಗೆರೆ ಇರುವುದು ಡಿಸ್ಟ್ರಿಬ್ಯೂಟರಿಗೆ ಹೋಗುತ್ತದೆ.

ಲ್ಯಾಂಪಿನ ಕ್ಲಿಪ್ಪನ್ನು ಎಂಜಿನ್ನಿಗೆ ಹಾಕಿ, ಕೀ ಆನ್ ಮಾಡಿ, ಬಿಳಿ ತಂತಿಯ ಕಡೆ ಮುಟ್ಟಿಸಿ. ಲ್ಯಾಂಪ್ ಉರಿಯಲೇ ಇಲ್ಲ ಅಂದರೆ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ. ಹಾಗಾದರೆ ಪಂಪ್ ಸದ್ದು ಬರುತ್ತಿದೆಯಾ ಕೇಳಿ. ಎಂಜಿಬಿಯಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟು ಇದೇ ಬಿಳಿ ತಂತಿಯ ಸಾಲಿನಿಂದಲೇ ಹೋಗುತ್ತದೆ. ಎರಡೂ ಒಟ್ಟಿಗೆ ಸತ್ತಿದ್ದರೆ ಕೀ ಸ್ವಿಚ್ ಅಥವಾ ಫ್ಯೂಸ್ ಬಾಕ್ಸಿನ ಹತ್ತಿರದ ಜೋಡಣೆ ಬಿಸಿಗೆ ಬಿಡುತ್ತಿದೆ. ಪಂಪ್ ಓಡುತ್ತಿದ್ದು ಕಾಯಿಲಿಗೆ ಮಾತ್ರ ಬರುತ್ತಿಲ್ಲ ಅಂದರೆ ಆ ತಂತಿಯ ಬುಲೆಟ್ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ. ಖಚಿತ ಮಾಡಿಕೊಳ್ಳಲು ಫ್ಯೂಸ್ ಬಾಕ್ಸಿನ ಕಂದು ತಂತಿಯಿಂದ ಕಾಯಿಲಿನ ಬಿಳಿ ಕಡೆಗೆ ನಿಮ್ಮ ಕ್ಲಿಪ್ ತಂತಿ ಹಾಕಿ, ಕಂದು ಯಾವಾಗಲೂ ಜೀವಂತ. ಗಾಡಿ ಎದ್ದರೆ ದೋಷ ಆ ದಾರಿಯಲ್ಲೇ ಇದೆ. ಒಂದು ಎಚ್ಚರಿಕೆ: 1974ರ ಕೊನೆಯಿಂದ ಬಂದ ರಬ್ಬರ್ ಬಂಪರ್ ಗಾಡಿಗಳಲ್ಲಿ ಬ್ಯಾಲಸ್ಟ್ ಇದೆ, ಅಂದರೆ ವೈರಿಂಗ್ ಒಳಗೇ ಒಂದು ರೆಸಿಸ್ಟೆನ್ಸ್ ತಂತಿ. ಅಲ್ಲಿ ಲ್ಯಾಂಪ್ ಸ್ವಲ್ಪ ಮಂಕಾಗಿ ಉರಿಯುವುದು ಸಹಜ, ಮತ್ತು ಈ ನೇರ ತಂತಿಯಲ್ಲಿ ಜಾಸ್ತಿ ಹೊತ್ತು ಓಡಿಸಬಾರದು.

ಬಿಳಿ ಕಡೆ ಉರಿಯುತ್ತಿದೆ, ಈಗ ಬಿಳಿ-ಕಪ್ಪು ಕಡೆ ಮುಟ್ಟಿಸಿ ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣುಕಬೇಕು. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟು ಜೋಡಿಸುತ್ತಿಲ್ಲ: ಗ್ಯಾಪ್ ಹೋಗಿದೆ, ಪಾಯಿಂಟ್ ಮೇಲೆ ಎಣ್ಣೆ ಕೂತಿದೆ, ಮೇಲೆ ಹೇಳಿದ ತಂತಿ ಮುರಿದಿದೆ ಅಥವಾ ಆ ತಟ್ಟೆಯ ಅರ್ತ್ ತಂತಿ ಮುರಿದಿದೆ. ಲ್ಯಾಂಪ್ ಉರಿಯುವುದೇ ಇಲ್ಲ ಅಂದರೆ ಬಿಳಿ-ಕಪ್ಪು ತಂತಿಯನ್ನು ಕಾಯಿಲಿನಿಂದ ಕಿತ್ತು ಆ ಟರ್ಮಿನಲ್ಲಿಗೆ ಲ್ಯಾಂಪ್ ಮುಟ್ಟಿಸಿ. ಈಗ ಉರಿದರೆ ಡಿಸ್ಟ್ರಿಬ್ಯೂಟರ್ ಒಳಗೆ ಶಾರ್ಟ್ ಇದೆ, ಹೆಚ್ಚಾಗಿ ಕಂಡೆನ್ಸರ್ ಅಥವಾ ಪಾಯಿಂಟಿನ ಇನ್ಸುಲೇಟರ್ ವಾಷರು ತಪ್ಪಾಗಿ ಕೂತಿರುವುದು. ಆಗಲೂ ಉರಿಯದಿದ್ದರೆ ಕಾಯಿಲ್ ಒಳಗೇ ಕಡಿದಿದೆ. ಈ ಮುಟ್ಟುವಿಕೆಗಳಿಗೆ ಐದು ನಿಮಿಷ ಸಾಕು, ಆದರೆ ಬಿಸಿ ಇರುವಾಗಲೇ ಮಾಡಬೇಕು.

ಲ್ಯಾಂಪ್ ಸರಿಯಾಗಿ ಮಿಣುಕುತ್ತದೆ, ಆದರೆ ಕಿಡಿ ಹಳದಿಯಾಗಿ ಸಣಕಲಾಗಿ ಬರುತ್ತದೆ ಅಂದರೆ ಕಂಡೆನ್ಸರ್ ಅನ್ನು ಅನುಮಾನಿಸಿ. ಕ್ಯಾಪ್ ತೆಗೆದು ಸೆಲ್ಫ್ ಹೊಡೆದಾಗ ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಕಾಣುತ್ತದೆ. ಅದನ್ನು ಬಿಚ್ಚುವ ಮೊದಲು, ಡಿಕ್ಕಿಯಲ್ಲಿರುವ ಕಂಡೆನ್ಸರನ್ನು ಹೊರಗೇ ಜೋಡಿಸಿ ನೋಡಿ, ಅದರ ತಂತಿ ಕಾಯಿಲಿನ ಬಿಳಿ-ಕಪ್ಪು ಕಡೆಗೆ, ಅದರ ಮೈ ಎಂಜಿನ್ನಿಗೆ. ಗಾಡಿ ಎದ್ದರೆ ಉತ್ತರ ಸಿಕ್ಕಿತು, ಹಾಗೇ ಮನೆವರೆಗೂ ಬರಬಹುದು. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್.

ಕಾಯಿಲ್ ಬಿಸಿಯಾಗುವುದು ಸಹಜ. ಆದರೆ ಕೈ ಇಡಲಾಗದಷ್ಟು ಸುಡುತ್ತಿದ್ದರೆ ತಪ್ಪು ಕಾಯಿಲ್ ಹಾಕಿರಬಹುದು. ಬ್ಯಾಲಸ್ಟ್ ಇಲ್ಲದ ಗಾಡಿಗೆ ಸುಮಾರು 3 ಓಮ್ ಕಾಯಿಲ್ ಬೇಕು, ಬ್ಯಾಲಸ್ಟ್ ಇರುವುದಕ್ಕೆ ಸುಮಾರು 1.5 ಓಮ್. 1.5 ಓಮ್ ಕಾಯಿಲನ್ನು ನೇರ 12 ವೋಲ್ಟಿಗೆ ಹಾಕಿದರೆ ಎರಡರಷ್ಟು ಕರೆಂಟು ಎಳೆದು ಬೇಯುತ್ತದೆ. ತುಂಬ ಕೈ ಬದಲಾಗಿರುವ ಗಾಡಿಗಳಲ್ಲಿ ಇದು ಸಾಮಾನ್ಯ, ಮಲ್ಟಿಮೀಟರಿನಲ್ಲಿ ಒಂದು ಸಲ ಅಳೆದುಬಿಡಿ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿಕೊಂಡವರು ಹಳೆಯ ಪಾಯಿಂಟಿನ ತಟ್ಟೆಯನ್ನು ಹಾಗೇ ಡಿಕ್ಕಿಯಲ್ಲಿಟ್ಟುಕೊಳ್ಳಿ. ಮಾಡ್ಯೂಲ್ ಬಿಸಿಗೆ ಸತ್ತರೆ ರಸ್ತೆಯಲ್ಲಿ ಅದನ್ನು ರಿಪೇರಿ ಮಾಡಲಾಗುವುದಿಲ್ಲ, ಪಾಯಿಂಟನ್ನು ಮಾಡಬಹುದು.

ಪೆಟ್ರೋಲಿನ ಕಡೆ

ಕಿಡಿ ಚೆನ್ನಾಗಿದೆ, ಆದರೂ ಏಳುತ್ತಿಲ್ಲ. ಈಗ ಕಿವಿಯ ಕೆಲಸ. ಎಸ್‌ಯು ಪಂಪ್ ಹಿಂದೆ ಇದೆ: ಕ್ರೋಮ್ ಬಂಪರ್ ಗಾಡಿಗಳಲ್ಲಿ ಬಲಗಡೆಯ ಹಿಂದಿನ ಚಕ್ರದ ಮುಂದೆ, ಕೆಳಗೆ, ರಬ್ಬರ್ ಬಂಪರ್ ಗಾಡಿಗಳಲ್ಲಿ ಅದರ ತಲೆ ಡಿಕ್ಕಿಯೊಳಗೆ ಕಾಣುತ್ತದೆ. ಕೀ ಆನ್ ಮಾಡಿದರೆ ಕೆಲವು ಸಲ ಟಿಕ್ ಟಿಕ್ ಅಂದು ಸುಮ್ಮನಾಗಬೇಕು. ನಿಲ್ಲದೆ ಜೋರಾಗಿ ಬಡಿಯುತ್ತಲೇ ಇದ್ದರೆ ಗಾಳಿ ಎಳೆಯುತ್ತಿದೆ, ಟ್ಯಾಂಕ್ ಖಾಲಿ ಇದೆ ಅಥವಾ ಕಾರ್ಬುರೇಟರ್ ಉಕ್ಕುತ್ತಿದೆ. ಸದ್ದೇ ಇಲ್ಲ ಅಂದರೆ ಸ್ಪ್ಯಾನರಿನ ಹಿಡಿಯಲ್ಲಿ ಪಂಪಿನ ಮೈಗೆ ಮೆಲ್ಲಗೆ ತಟ್ಟಿ. ತಟ್ಟಿದ ಕೂಡಲೇ ಶುರುವಾದರೆ ಒಳಗಿನ ಪಾಯಿಂಟ್ ಸವೆದಿದೆ. ತಟ್ಟಿದರೂ ಏಳಲಿಲ್ಲ ಅಂದರೆ ಲ್ಯಾಂಪಿನಲ್ಲಿ ಅದಕ್ಕೆ ಕರೆಂಟು ಬರುತ್ತಿದೆಯಾ ನೋಡಿ, ಕಪ್ಪು ಅರ್ತ್ ತಂತಿಯನ್ನೂ ಮರೆಯಬೇಡಿ, ಚಕ್ರದ ನೀರು ಕೆಸರಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ.

ಆಮೇಲೆ ಟ್ಯಾಂಕಿನ ಮುಚ್ಚಳ ಬಿಚ್ಚಿ. ಗಾಳಿ ಸುಯ್ ಅಂತ ಒಳಗೆ ಹೋದರೆ, ಗಾಡಿ ಕೂಡಲೇ ಎದ್ದರೆ, ಟ್ಯಾಂಕಿಗೆ ಗಾಳಿ ಬರುವ ದಾರಿ ಮುಚ್ಚಿದೆ. ಗಾಳಿರಂಧ್ರ ಇರುವ ಮುಚ್ಚಳದ ಜಾಗದಲ್ಲಿ ಇಲ್ಲದ್ದನ್ನು ಕೊಂಡು ಹಾಕಿದವರಿಗೆ ಹೀಗಾಗುತ್ತದೆ. ಪೆಟ್ರೋಲ್ ಕಡಿಮೆಯಾಗುತ್ತಾ ಹೋದಂತೆ ಟ್ಯಾಂಕ್ ಒಳಗೆ ಎಳೆತ ಹೆಚ್ಚಿ, ಪಂಪಿಗೆ ಎಳೆಯಲು ಆಗುವುದಿಲ್ಲ. ಇದಕ್ಕೂ ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಾಗಾಗಿ ಬಿಸಿಯ ದೋಷ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಪೆಟ್ರೋಲ್ ಎಷ್ಟು ಬರುತ್ತಿದೆ ಅಂತ ಅಳೆಯುವುದು ಕೊನೆಗೆ. ಎಂಜಿನ್ ಸ್ವಲ್ಪ ಆರಲಿ. ಎರಡು ಕಾರ್ಬುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಯಲ್ಲಿವೆ, ಕಾರ್ಬುರೇಟರ್ ಮೇಲೆ, ಮ್ಯಾನಿಫೋಲ್ಡ್ ಕೆಳಗೆ. ಚೆಲ್ಲಿದರೆ ಪೆಟ್ರೋಲ್ ಬೀಳುವುದು ಅದರ ಮೇಲೇ. ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಯೊಳಗೆ ಇಟ್ಟು ಕೀ ಆನ್ ಮಾಡಿ. ನಿಮಿಷಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿಯಾದರೂ ಬರಬೇಕು, ಅದೂ ಒಂದೇ ಸಮನೆ. ಮೊದಲು ಚೆನ್ನಾಗಿ ಬಂದು ಆಮೇಲೆ ಕಡಿಮೆಯಾದರೆ ಹಿಂದೆ ಎಲ್ಲೋ ಕಟ್ಟಿಕೊಳ್ಳುತ್ತಿದೆ: ಟ್ಯಾಂಕಿನೊಳಗಿನ ತುಕ್ಕು, ಫಿಲ್ಟರ್, ಅಥವಾ ರಬ್ಬರ್ ಪೈಪ್. ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 2021ರಿಂದ ಸಾಮಾನ್ಯ ಪೆಟ್ರೋಲ್ ಇ10 ಆಗಿದೆ. ಅದರಲ್ಲಿರುವ ಎಥೆನಾಲ್ ಹಳೆಯ ರಬ್ಬರನ್ನು ಒಳಗಿನಿಂದ ಹಾಳುಮಾಡುತ್ತದೆ. ಹೊರಗೆ ಚೆನ್ನಾಗಿ ಕಾಣುವ ಪೈಪಿನ ಒಳಪದರ ಊದಿ, ಕಿತ್ತುಬಂದು ದಾರಿ ಮುಚ್ಚುತ್ತದೆ. ಈ ಗಾಡಿಗೆ ಸೂಪರ್ ಗ್ರೇಡಿನ ಇ5 ಪೆಟ್ರೋಲೇ ಹಾಕಿ, ಪೈಪುಗಳನ್ನು ಎಸ್‌ಎಇ ಜೆ30 ಆರ್9 ಗುರುತಿನದ್ದಕ್ಕೆ ಬದಲಾಯಿಸಿ. ಇದರಲ್ಲಿ ಉಳಿತಾಯ ಬೇಡ, ಬೆಂಕಿಯ ವಿಷಯ.

ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟಿಕೊಂಡಿದೆ ಅಂತ ಎಲ್ಲರೂ ಮೊದಲು ಹೇಳುವ ಕಾರಣವನ್ನು ನಾನು ಕೊನೆಗೆ ಇಡುತ್ತೇನೆ. ಎಂಜಿಬಿಯಲ್ಲಿ ಪಂಪ್ ಹಿಂದಿನಿಂದ ತಳ್ಳುತ್ತದೆ, ಮುಂದಿನಿಂದ ಎಳೆಯುವುದಿಲ್ಲ. ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭವಾಗಿ ಪೈಪಿನಲ್ಲಿ ಕುದಿಯುವುದಿಲ್ಲ. ಬಿಸಿ ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆ ಫ್ಲೋಟ್ ಚೇಂಬರಿನಲ್ಲಿ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ಕುದಿಯುವುದು ನಿಜ. ಅದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗಿನ ತೊಂದರೆ, ಓಡುತ್ತಿರುವಾಗ ಸಾಯುವ ತೊಂದರೆ ಅಲ್ಲ. ಕಾರ್ಬುರೇಟರಿನ ಹಿಂದೆ ಹೀಟ್ ಶೀಲ್ಡ್ ಇದೆಯಾ, ಯಾರೋ ತೆಗೆದು ಬಿಸಾಕಿದ್ದಾರಾ ಅಂತ ಮಾತ್ರ ನೋಡಿಕೊಳ್ಳಿ.

ಕೊಳ್ಳುವವರಿಗೆ

ಈ ಕಾಯಿಲೆ ಇರುವ ಗಾಡಿ ಕಡಿಮೆ ಬೆಲೆಗೆ ಬಂದರೆ ಓಡಿಹೋಗಬೇಡಿ. ಮೇಲೆ ಹೇಳಿದ್ದರಲ್ಲಿ ದುಬಾರಿ ಅನ್ನುವಂಥದ್ದು ಪಂಪ್ ಒಂದೇ. ಹೆದರಬೇಕಾದ್ದು ತುಕ್ಕಿಗೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಗಾಡಿಯ ಬೆನ್ನೆಲುಬು, ಅದರಲ್ಲೂ ಮೇಲ್ಛಾವಣಿ ಇಲ್ಲದ ರೋಡ್‌ಸ್ಟರಿನಲ್ಲಿ. ಜ್ಯಾಕ್ ಹಾಕಿ ಎತ್ತಿದಾಗ ಬಾಗಿಲಿನ ಸಂದು ಕಿರಿದಾಗುತ್ತದಾ, ಬಾಗಿಲು ತೆಗೆದು ಹಾಕಲು ಬಿಗಿಯಾಗುತ್ತದಾ ನೋಡಿ. ಹಾಗಾದರೆ ಸಿಲ್ ಹೋಗಿದೆ. ಬಣ್ಣ ಹೊಳೆಯುತ್ತಿರಬಹುದು, ಅದರ ಕೆಳಗೆ ಪುಟ್ಟಿ ಇದೆಯಾ ಅಂತ ಆಯಸ್ಕಾಂತದಿಂದ ನೋಡಿ. ಸೀಟಿನ ಹಿಂದೆ ಬ್ಯಾಟರಿ ಪೆಟ್ಟಿಗೆ, ಹಿಂದಿನ ಚಕ್ರದ ಮುಂದಿನ ಮೂಲೆ, ಮುಂದಿನ ಮಡ್‌ಗಾರ್ಡಿನ ಬುಡ, ಇವನ್ನೂ. ಎರಡೂ ಬದಿಯ ಸಿಲ್ ಸರಿಯಾಗಿ ಮಾಡಿಸುವ ಖರ್ಚಿಗೆ ಎಷ್ಟೋ ಸಲ ಇನ್ನೊಂದು ಓಡುವ ಗಾಡಿ ಬರುತ್ತದೆ. ಜಿಟಿ ಸಾಮಾನ್ಯವಾಗಿ ರೋಡ್‌ಸ್ಟರಿಗಿಂತ ಅಗ್ಗ, ಮಳೆಯ ಊರಿಗೆ ನನ್ನ ಮತ ಅದಕ್ಕೇ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ, ದೊಡ್ಡ ಮಾರ್ಪಾಡು ಆಗಿರದಿದ್ದರೆ ಎಂಒಟಿಯೂ (ಗಾಡಿ ರಸ್ತೆಗೆ ಯೋಗ್ಯ ಅಂತ ನೋಡುವ ವಾರ್ಷಿಕ ತಪಾಸಣೆ) ಕಡ್ಡಾಯ ಅಲ್ಲ. ಅಂದಮಾತ್ರಕ್ಕೆ ಯಾರೂ ಕೆಳಗೆ ನೋಡಿಲ್ಲ ಅಂತಲೂ ಆಗಬಹುದು ಅಲ್ವಾ? ಹಳೆಯ ಎಂಒಟಿ ದಾಖಲೆಗಳು ಸರಕಾರದ ಸೈಟಿನಲ್ಲಿ ನಂಬರ್ ಹಾಕಿದರೆ ಬಿಟ್ಟಿ ಸಿಗುತ್ತವೆ, ತುಕ್ಕಿನ ಬಗ್ಗೆ ಬರೆದದ್ದನ್ನೆಲ್ಲ ಓದಿ. ಕೊಳ್ಳುವ ಮೊದಲು ಒಂದು ಎಂಒಟಿ ಮಾಡಿಸಿಕೊಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ನೋಡಲು ಹೋದಾಗ ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಆಮೇಲೆ ಮುಕ್ಕಾಲು ಗಂಟೆ ಓಡಿಸಿ, ಬೀದಿ ಸುತ್ತಿ ಬರುವುದು ಸಾಲದು. ಬಿಸಿಯಾದ ಮೇಲೂ ಓಡುವಾಗ ಆಯಿಲ್ ಪ್ರೆಶರ್ 50 ಪಿಎಸ್‌ಐಗಿಂತ ಮೇಲಿರಬೇಕು. ಏರು ಹತ್ತಿಸಿ, ಮುಳ್ಳು ನೋಡುತ್ತಿರಿ. ನಿಲ್ಲಿಸಿ, ಆರಿಸಿ, ಹತ್ತು ನಿಮಿಷ ಮಾತಾಡಿ, ಮತ್ತೆ ಸ್ಟಾರ್ಟ್ ಮಾಡಿ. ಗಾಡಿ ಅಲ್ಲೇ ಸತ್ತರೆ ಮಾರುವವರ ಮುಂದೆಯೇ ಟೆಸ್ಟ್ ಲ್ಯಾಂಪ್ ತೆಗೆದು ಬಿಳಿ ತಂತಿಯಿಂದ ಶುರುಮಾಡಿ, ಸಿಕ್ಕಿದ ದೋಷವನ್ನು ಅವರಿಗೂ ತೋರಿಸಿ, ಆಮೇಲೆ ಬೆಲೆ ಮಾತಾಡಿ.